'ಮೆಟೀರಿಯಲಿಸ್ಟ್ಸ್': ಒಂಬತ್ತು ಮದುವೆ ಮಾಡಿಸಿದವಳ ಸ್ವಂತ ಲೆಕ್ಕ

ಟ್ರೇಲರ್ ನೋಡಿದರೆ ಇದು ಆರಾಮಾಗಿ ನಕ್ಕು ಎದ್ದುಹೋಗುವ ಸಿನಿಮಾ ಅನ್ನಿಸುತ್ತದೆ. ನ್ಯೂಯಾರ್ಕ್‌ನಲ್ಲಿ ದುಡ್ಡಿದ್ದವರಿಗೆ ಗಂಡು ಹೆಣ್ಣು ಹುಡುಕಿಕೊಡುವ ಒಬ್ಬ ಚೆಲುವೆ. ಅವಳಿಗೆ ಮನಸೋತ ಒಬ್ಬ ಆಗರ್ಭ ಶ್ರೀಮಂತ, ಜೊತೆಗೆ ಜೇಬು ಖಾಲಿ ಇರುವ ಒಬ್ಬ ಹಳೇ ಹುಡುಗ. ಊರಿಗೆಲ್ಲ ಮದುವೆ ಮಾಡಿಸುವವಳಿಗೆ ತನ್ನ ಮದುವೆಯ ದಾರಿಯೇ ಗೊತ್ತಿಲ್ಲ. ಇಷ್ಟು ಸಾಮಾನಿದ್ದರೆ ರೊಮ್ಯಾಂಟಿಕ್ ಕಾಮಿಡಿ ಅಡುಗೆ ತಾನಾಗೇ ಆಗಬೇಕು, ಅಲ್ವಾ? ಸಿನಿಮಾ ಬಿಡುಗಡೆ ಮಾಡಿದ ಅಮೆರಿಕದ ಎ24 ಕಂಪನಿ ಪ್ರಚಾರ ಮಾಡಿ ಮಾರಿದ್ದೂ ಹಾಗೇ. ಆದರೆ ಹೊಟ್ಟೆ ಹುಣ್ಣಾಗುವಂತೆ ನಗಬೇಕು ಅಂತ ಕೂತರೆ ಅರ್ಧಕ್ಕೇ ಎದ್ದು ಹೋಗುತ್ತೀರಿ. ನಗು ಇದೆ, ಅದರ ಜೊತೆ ಚೂರು ಕಹಿಯೂ ಇದೆ. ನನಗೆ ಸಿನಿಮಾ ಇಷ್ಟವಾಯಿತು, ಆದರೆ ಪೂರ್ತಿ ಅಲ್ಲ. ಮದುವೆ ಅನ್ನೋದನ್ನ ಲೆಕ್ಕದ ಪುಸ್ತಕದಂತೆ ಬಿಡಿಸಿ ತೋರಿಸುವಾಗೆಲ್ಲ ಈ ಸಿನಿಮಾ ಚುರುಕಾಗಿದೆ. 'ಲೆಕ್ಕ ಬಿಡಿ, ಪ್ರೀತಿಯೇ ಎಲ್ಲ' ಅನ್ನೋಕೆ ಶುರು ಮಾಡಿದ ತಕ್ಷಣ ಸಪ್ಪೆಯಾಗುತ್ತದೆ.

2025ರ ಜೂನ್‌ನಲ್ಲಿ ಬಂದ ಸಿನಿಮಾ. ಬರೆದು ನಿರ್ದೇಶಿಸಿದವರು ಸೆಲಿನ್ ಸಾಂಗ್. 2023ರಲ್ಲಿ 'ಪಾಸ್ಟ್ ಲೈವ್ಸ್' ಮಾಡಿದವರು ಇವರೇ. ಮೊದಲ ಸಿನಿಮಾಕ್ಕೇ ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರ ಮತ್ತು ಮೂಲ ಚಿತ್ರಕಥೆ ಎರಡಕ್ಕೂ ನಾಮನಿರ್ದೇಶನ ಸಿಕ್ಕಿತ್ತು. ಹಾಗಾಗಿ ಎರಡನೆಯದರ ಮೇಲೆ ಎಲ್ಲರ ಕಣ್ಣಿತ್ತು. ಇಲ್ಲೂ ಒಬ್ಬಳು ಹೆಣ್ಣು, ಇಬ್ಬರು ಗಂಡಸರು, ಅದೇ ನ್ಯೂಯಾರ್ಕ್. ಆದರೆ ಅಲ್ಲಿನ ಮೌನ ಇಲ್ಲಿಲ್ಲ. ಇಲ್ಲಿ ಎಲ್ಲರೂ ಮಾತಾಡುತ್ತಾರೆ, ಮುಖ್ಯವಾಗಿ ದುಡ್ಡಿನ ಬಗ್ಗೆ.

ಲೂಸಿ (ಡಕೋಟಾ ಜಾನ್ಸನ್) 'ಅಡೋರ್' ಅನ್ನೋ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಮಾತಲ್ಲಿ ಹೇಳೋದಾದರೆ ಮದುವೆ ಬ್ರೋಕರ್. ಆದರೆ ಕಂಕುಳಲ್ಲಿ ಡೈರಿ, ಬ್ಯಾಗ್ ತುಂಬ ಜಾತಕ, ಮನೆಮನೆಗೆ ಹೋಗಿ ಕಾಫಿ ಕುಡಿದು ಬರುವ ಬ್ರೋಕರ್ ಅಲ್ಲ. ಥಳಥಳ ಆಫೀಸು, ಒಳ್ಳೇ ಬಟ್ಟೆ, ತಪ್ಪದ ನಗು. ಬೀದಿಯಲ್ಲಿ ನಡೆದು ಹೋಗುವಾಗ ಸೂಟು ಹಾಕಿದ ಚೆಂದದ ಹುಡುಗ ಕಂಡರೆ ನಿಲ್ಲಿಸಿ ಮದುವೆ ಆಗಿದೆಯಾ ಅಂತ ಕೇಳಿ ಕಾರ್ಡು ಕೊಟ್ಟು ಹೋಗುತ್ತಾಳೆ. ಅವನು ಏನೇನೋ ಅಂದುಕೊಂಡಿರುತ್ತಾನೆ, ಇವಳಿಗೆ ಅವನು ಬರೀ ಸ್ಟಾಕು. ಅವಳು ಜೋಡಿ ಮಾಡಿದ ಒಂಬತ್ತನೇ ಮದುವೆ ಗಟ್ಟಿಯಾದಾಗ ಆಫೀಸಿನಲ್ಲಿ ಕೇಕ್ ಕತ್ತರಿಸಿ ಚಪ್ಪಾಳೆ ತಟ್ಟುತ್ತಾರೆ. ಟಾರ್ಗೆಟ್ ಮುಟ್ಟಿದ ಸೇಲ್ಸ್ ಹುಡುಗಿಗೆ ಮಾಡುತ್ತಾರಲ್ಲ, ಅದೇ ಸಂಭ್ರಮ.

ಸಿನಿಮಾದ ಅತಿ ಒಳ್ಳೆಯ ಭಾಗ ಗಿರಾಕಿಗಳು ಕ್ಯಾಮೆರಾ ಮುಂದೆ ಕೂತು ತಮಗೆ ಎಂಥವರು ಬೇಕು ಅಂತ ಹೇಳುವ ದೃಶ್ಯಗಳು. ನಲವತ್ತು ದಾಟಿದ ಗಂಡಸಿಗೆ ಇಪ್ಪತ್ತರ ಆಸುಪಾಸಿನವಳೇ ಬೇಕು, ಆದರೆ ಅವಳಿಗೆ ಪ್ರಬುದ್ಧತೆ ಇರಬೇಕು. ಮೂವತ್ತು ಅಂದರೆ ಮುಖ ಹುಳ್ಳಗೆ. ಹೆಂಗಸರದ್ದೂ ಪಟ್ಟಿ ಸಣ್ಣದಲ್ಲ: ಎತ್ತರ, ಸಂಬಳ, ತಲೆಗೂದಲು. ಎಲ್ಲರೂ ಇದನ್ನೆಲ್ಲ ಬಹಳ ಸಹಜವಾಗಿ ಹೇಳುತ್ತಾರೆ, ಹೋಟೆಲಿನಲ್ಲಿ ಖಾರ ಕಮ್ಮಿ ಹಾಕಿ ಅನ್ನೋ ಹಾಗೆ. ಲೂಸಿ ತಲೆ ಆಡಿಸುತ್ತಾ ಬರೆದುಕೊಳ್ಳುತ್ತಾಳೆ. ಅವಳ ಮುಖದಲ್ಲಿ ಬೇಸರವೂ ಇಲ್ಲ, ಆಶ್ಚರ್ಯವೂ ಇಲ್ಲ. ಸೆಲಿನ್ ಸಾಂಗ್ ಇಪ್ಪತ್ತರ ಹರೆಯದಲ್ಲಿ, ನಾಟಕ ಬರೆದು ಹೊಟ್ಟೆ ತುಂಬದೆ ಇದ್ದಾಗ, ನ್ಯೂಯಾರ್ಕ್‌ನಲ್ಲಿ ಸ್ವಲ್ಪ ಕಾಲ ಇದೇ ಕೆಲಸ ಮಾಡಿದ್ದರಂತೆ. ಅದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗಿರಾಕಿ ಎಂಥ ಅಸಂಬದ್ಧ ಹೇಳಿದರೂ ಮುಖ ಕೆಡಿಸಿಕೊಳ್ಳದ ಆ ವೃತ್ತಿಯ ನಗುವನ್ನ ಹೊರಗೆ ನಿಂತು ನೋಡಿದವರು ಹೀಗೆ ಬರೆಯೋಕಾಗಲ್ಲ.

ನೋಡ್ತಾ ನೋಡ್ತಾ ಇದು ಅಮೆರಿಕದ ಕಥೆ ಅನ್ನೋದೇ ಮರೆತುಹೋಯಿತು ಅಂದರೆ ಸುಳ್ಳಲ್ಲ. ನಮ್ಮ ಬಯೋಡೇಟಾಗಳನ್ನೇ ನೋಡಿ. ಹೆಸರು, ಗೋತ್ರ, ನಕ್ಷತ್ರ, ರಾಶಿ, ಆಮೇಲೆ ಎತ್ತರ, ಬಣ್ಣ, ಸಂಬಳ, ಸ್ವಂತ ಮನೆ, ಎಷ್ಟು ಸೈಟು, ಅಕ್ಕತಂಗಿಯರ ಮದುವೆ ಆಗಿದೆಯಾ ಇಲ್ಲವಾ. ಐದು ಅಡಿ ಐದು ಇಂಚಿನವನು ಕಾಗದದ ಮೇಲೆ ಯಾವಾಗಲೂ ಐದು ಏಳು. 36 ಗುಣದಲ್ಲಿ 18 ಕೂಡಿದರೆ ಸಾಕು ಅನ್ನುತ್ತಾರೆ ಜೋಯಿಸರು, ಅಂದರೆ ಪಾಸ್ ಮಾರ್ಕು 50 ಪರ್ಸೆಂಟ್. ಲೂಸಿಯ ಕಂಪನಿಯಲ್ಲಿ ಇಷ್ಟು ಸುಲಭಕ್ಕೆ ಪಾಸ್ ಮಾಡೋದಿಲ್ಲ. ವ್ಯತ್ಯಾಸ ಒಂದೇ. ನಮ್ಮಲ್ಲಿ ಈ ಲೆಕ್ಕವನ್ನ ಅಪ್ಪ ಅಮ್ಮ, ಅತ್ತೆ, ಸೋದರಮಾವ ಎಲ್ಲ ಸೇರಿ ಹಾಕುತ್ತಾರೆ, ತಪ್ಪಾದರೆ ಬೈಯೋಕೆ ನಾಲ್ಕು ಜನ ಇರುತ್ತಾರೆ, ಹುಡುಗ ಹುಡುಗಿ ಮಾತ್ರ ನಮಗೇನೂ ಗೊತ್ತಿಲ್ಲಪ್ಪ ಅಂತ ತಲೆ ತಗ್ಗಿಸಿ ಕೂರಬಹುದು. ಅಲ್ಲಿ ಒಬ್ಬೊಬ್ಬರೇ ಕೂತು ತಮ್ಮ ಬೆಲೆ ತಾವೇ ಕಟ್ಟಿಕೊಳ್ಳಬೇಕು. ಯಾವುದು ವಾಸಿ ಅಂತ ನನಗೆ ಕೇಳಬೇಡಿ.

ಒಂದು ದೃಶ್ಯ ಹೇಳಲೇಬೇಕು. ಲೂಸಿ ಜೋಡಿ ಮಾಡಿದ ಮದುವೆಯ ದಿನ. ವಧು ಬಿಳಿ ಗೌನಿನಲ್ಲಿ ಅಳುತ್ತಾ ಕೂತಿದ್ದಾಳೆ, ಮದುವೆ ಬೇಡ ಅನ್ನೋ ಹಂತಕ್ಕೆ ಬಂದಿದ್ದಾಳೆ. ಎಲ್ಲರನ್ನೂ ಹೊರಗೆ ಕಳಿಸಿ ಲೂಸಿ ಪಕ್ಕದಲ್ಲಿ ಕೂತು ಕೇಳುತ್ತಾಳೆ, ನಿಜ ಹೇಳು, ಇವನನ್ನ ಯಾಕೆ ಮದುವೆ ಆಗಬೇಕು ಅನ್ನಿಸಿತು? ವಧು ನಾಚಿಕೆಯಿಂದ ಒಪ್ಪಿಕೊಳ್ಳುತ್ತಾಳೆ: ಇವನು ತನ್ನ ಗಂಡನಿಗಿಂತ ಮೇಲು ಅಂತ ಅಕ್ಕತಂಗಿಗೆ ಹೊಟ್ಟೆಕಿಚ್ಚು, ಅದನ್ನ ನೋಡಿ ತನಗೆ ಖುಷಿ. ಎಂಥ ಕೊಳಕು ಕಾರಣ ಅಂತ ಅವಳಿಗೇ ಅನ್ನಿಸಿದೆ. ಲೂಸಿ ಒಂದು ಕ್ಷಣ ಯೋಚಿಸಿ, ಅಂದರೆ ಅವನ ಜೊತೆ ಇದ್ದಾಗ ನಿನಗೆ ನೀನು ಬೆಲೆಯುಳ್ಳವಳು ಅನ್ನಿಸುತ್ತದೆ, ಅಲ್ವಾ ಅನ್ನುತ್ತಾಳೆ. ಅಷ್ಟೇ. ವಧು ಮೂಗು ಒರೆಸಿಕೊಳ್ಳುತ್ತಾಳೆ, ಮದುವೆ ನಡೆಯುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ ನಮ್ಮ ಹಿರಿಯರು, ಇವಳು ಒಂದು ಸುಳ್ಳನ್ನೂ ಹೇಳುವುದಿಲ್ಲ. ಹೊಟ್ಟೆಕಿಚ್ಚಿಗೆ ಒಂದು ಒಳ್ಳೇ ಸೀರೆ ಉಡಿಸುತ್ತಾಳೆ. ಈ ದೃಶ್ಯ ಮುಗಿದಾಗ ನನಗೆ ನಗು ಬಂತು, ಹಿಂದೆಯೇ ಒಂಥರಾ ಭಯವೂ ಆಯಿತು. ಸಿನಿಮಾ ಪೂರ್ತಿ ಈ ಮಟ್ಟದಲ್ಲೇ ಇದ್ದಿದ್ದರೆ ಈ ವಿಮರ್ಶೆ ಇನ್ನೂ ಚಿಕ್ಕದಾಗುತ್ತಿತ್ತು.

ಅದೇ ಮದುವೆಯಲ್ಲಿ ಇಬ್ಬರು ಗಂಡಸರೂ ಸಿಗುತ್ತಾರೆ. ಹ್ಯಾರಿ (ಪೆಡ್ರೋ ಪಾಸ್ಕಲ್) ವರನ ಅಣ್ಣನೋ ತಮ್ಮನೋ, ಒಟ್ಟಿನಲ್ಲಿ ಒಡಹುಟ್ಟಿದವನು. ಹಣಕಾಸಿನ ದೊಡ್ಡ ಕುಳ, ಎತ್ತರ, ಚೆಲುವ, ಮಾತು ಬಲ್ಲವನು. ಲೂಸಿಯ ಕಣ್ಣಿಗೆ ಅವನು ಹತ್ತಕ್ಕೆ ಹತ್ತು ಅಂಕದ ಗಿರಾಕಿ, ಅವನಿಗೆ ಗಿರಾಕಿ ಆಗೋದು ಬೇಡ, ಇವಳೇ ಬೇಕು. ಇಬ್ಬರೂ ಮೇಜಿನ ಹತ್ತಿರ ಕೂತು ಮಾತಾಡುವಾಗ ಅವಳಿಗೆ ಏನು ಕುಡಿಯೋಕೆ ಬೇಕು ಅಂತ ಬಾಯಿ ತೆರೆಯುವುದರೊಳಗೆ ಯಾರೋ ಒಂದು ಕೋಕ್, ಒಂದು ಬಿಯರ್ ತಂದು ಮುಂದೆ ಇಡುತ್ತಾರೆ. ಇಟ್ಟವನು ಜಾನ್ (ಕ್ರಿಸ್ ಇವಾನ್ಸ್), ಅವಳ ಹಳೇ ಬಾಯ್‌ಫ್ರೆಂಡ್. ಅವತ್ತು ಅಲ್ಲಿ ಕೇಟರಿಂಗ್‌ನವರ ಜೊತೆ ಬಡಿಸೋಕೆ ಬಂದಿದ್ದಾನೆ. ಅವಳ ಇಷ್ಟ ಅವನಿಗೆ ಕೇಳದೆಯೇ ಗೊತ್ತು. ಇಡೀ ಸಿನಿಮಾದ ಕಥೆಯನ್ನ ಎರಡು ಬಾಟಲಿಯಲ್ಲಿ ಮುಗಿಸಿಬಿಟ್ಟರು, ಶಹಬ್ಬಾಸ್.

ಲೂಸಿಗೆ ಪ್ರೀತಿಯಲ್ಲಿ ನಸೀಬು ಇಲ್ಲ ಅಂತ ಪೋಸ್ಟರ್ ಹೇಳುವ ಹಾಗಿದೆ. ನನಗೆ ಹಾಗೆ ಕಾಣಲಿಲ್ಲ. ಇವಳಿಗೆ ಪ್ರೀತಿ ಸಿಕ್ಕಿತ್ತು, ಲೆಕ್ಕ ಹಾಕಿ ಬಿಟ್ಟಳು. ಆ ಹಳೇ ಜಗಳದ ದೃಶ್ಯ ನೋಡಿ. ಇಬ್ಬರೂ ಆಗ ನಟನೆಯಲ್ಲಿ ಮುಂದೆ ಬರಬೇಕು ಅಂತ ಒದ್ದಾಡುತ್ತಿರುವವರು. ಅವರು ಜೊತೆಯಾದ ದಿನದ ವಾರ್ಷಿಕೋತ್ಸವ, ಊಟಕ್ಕೆ ಟೇಬಲ್ ಬುಕ್ ಆಗಿದೆ, ತಡವಾಗಿದೆ, ಪಾರ್ಕಿಂಗ್‌ಗೆ 25 ಡಾಲರ್ ಕೊಡೋಕೆ ಜಾನ್‌ಗೆ ಮನಸ್ಸಿಲ್ಲ. ಮನಸ್ಸಿಲ್ಲ ಅಂದರೆ ಜಿಪುಣತನ ಅಲ್ಲ, ಕೈಯಲ್ಲಿ ಇಲ್ಲ. ಕಾರು ಸುತ್ತು ಹೊಡೆಯುತ್ತದೆ, ದನಿ ಏರುತ್ತದೆ, ಮ್ಯಾನ್‌ಹಟ್ಟನ್ ಟ್ರಾಫಿಕ್ ನಡುವೆ ಅವಳು ಬಾಗಿಲು ತೆಗೆದು ಇಳಿದೇಬಿಡುತ್ತಾಳೆ. ಪ್ರೀತಿ ಇಲ್ಲ ಅಂತಲ್ಲ, ದುಡ್ಡಿಲ್ಲ ಅಂತ. ಹಾಗೆ ಅನ್ನಿಸುವ ತನ್ನ ಬಗ್ಗೆಯೇ ಅವಳಿಗೆ ಹೇಸಿಗೆ. ಹಬ್ಬದ ದಿನ ಆಟೋ ಮೀಟರ್ ವಿಷಯಕ್ಕೆ ಗಂಡ ಹೆಂಡತಿ ಮಾತು ಬಿಟ್ಟಿದ್ದನ್ನ ನೋಡಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ಬಡತನ ಅಂದರೆ ಹರಿದ ಬಟ್ಟೆ, ಸೋರುವ ಮಾಡು ಅಂತ ತೋರಿಸದೆ, ಒಳ್ಳೇ ದಿನವನ್ನ ಒಂದು ಚಿಲ್ಲರೆ ಮೊತ್ತ ಹಾಳು ಮಾಡುವ ರೀತಿಯಲ್ಲಿ ತೋರಿಸಿದ್ದಾರೆ.

ಹ್ಯಾರಿಯ ಕಡೆ ಬರೋಣ. ಅವನು ಕರೆದುಕೊಂಡು ಹೋಗುವ ರೆಸ್ಟೋರೆಂಟುಗಳು ಒಂದಕ್ಕಿಂತ ಒಂದು ದುಬಾರಿ, ಬಿಲ್ಲು ಬಂದಿದ್ದು ಕೊಟ್ಟಿದ್ದು ಯಾರಿಗೂ ಗೊತ್ತಾಗದಷ್ಟು ನಯ. ಅವನ ಮನೆಯ ಹಾಸಿಗೆಯಿಂದಲೇ ಲೂಸಿ ಸುತ್ತ ಕಣ್ಣಾಡಿಸಿ, ಈ ಫ್ಲ್ಯಾಟಿಗೆ ಎಷ್ಟು ಕೊಟ್ಟೆ ಅಂತ ಕೇಳುತ್ತಾಳೆ. 1.2 ಕೋಟಿ ಡಾಲರ್. ನಮ್ಮ ದುಡ್ಡಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಅವಳ ಸಂಬಳ ವರ್ಷಕ್ಕೆ ತೆರಿಗೆ ಕಟ್ಟುವ ಮೊದಲು 80,000 ಡಾಲರ್, ಅದನ್ನೂ ಅವಳೇ ಮೊದಲ ಭೇಟಿಗಳಲ್ಲೇ ಬಾಯಿಬಿಟ್ಟು ಹೇಳುತ್ತಾಳೆ. ಇಲ್ಲಿ ಯಾರೂ ಸಂಬಳ ಮುಚ್ಚಿಡೋದಿಲ್ಲ. ತನ್ನಂಥ ಮೂವತ್ತು ದಾಟಿದ, ಬಡ ಮನೆಯಿಂದ ಬಂದವಳನ್ನ ಇವನು ಯಾಕೆ ಆರಿಸಿಕೊಂಡ ಅನ್ನೋದು ಅವಳಿಗೆ ಒಗಟು. ಲೆಕ್ಕ ಕೂಡುತ್ತಿಲ್ಲ ಅಂತ ಅವಳೇ ಅವನಿಗೆ ವಿವರಿಸುತ್ತಾಳೆ, ನಿನಗೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಅಂತ ಗಿರಾಕಿಗೆ ಹೇಳುವ ಧಾಟಿಯಲ್ಲಿ. ಹ್ಯಾರಿ ಉತ್ತರ ಕೊಡೋದೂ ಅದೇ ಭಾಷೆಯಲ್ಲಿ: ಮುಟ್ಟಿ ಅಳೆಯೋಕಾಗದ ಆಸ್ತಿಗೂ ಬೆಲೆ ಇದೆ ಅಂತ. ಪ್ರೇಮ ಸಲ್ಲಾಪ ಬ್ಯಾಂಕಿನ ಮ್ಯಾನೇಜರುಗಳ ಮೀಟಿಂಗ್ ಥರ ನಡೆಯೋದನ್ನ ನೋಡೋಕೆ ಒಂದು ಮಜಾ ಇದೆ.

ಆಮೇಲೆ ಕಾಲಿನ ವಿಷಯ. (ಸಿನಿಮಾ ನೋಡೇ ತಿಳಿಯಬೇಕು ಅನ್ನೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಹ್ಯಾರಿಯ ಕಾಲುಗಳ ಮೇಲೆ ಗಾಯದ ಗುರುತು ಕಾಣಿಸುತ್ತದೆ. ಮೂಳೆ ಕತ್ತರಿಸಿ, ನಿಧಾನಕ್ಕೆ ಎಳೆದು ಎತ್ತರ ಹೆಚ್ಚಿಸುವ ಆಪರೇಷನ್. ಅದು ನಿಜವಾಗಿಯೂ ಇರುವ ಚಿಕಿತ್ಸೆ, ತಿಂಗಳುಗಟ್ಟಲೆ ನೋವು, ಲಕ್ಷಗಟ್ಟಲೆ ಖರ್ಚು. ಹ್ಯಾರಿ ಆರು ಇಂಚು ಕೊಂಡುಕೊಂಡಿದ್ದಾನೆ. ಹತ್ತಕ್ಕೆ ಹತ್ತು ಅಂಕದವನು ಹುಟ್ಟಿದ್ದು ಹಾಗಲ್ಲ, ಆಗಿದ್ದು. ಮೊದಲು ಎಷ್ಟು ಎತ್ತರ ಇದ್ದೆ ತೋರಿಸು ಅಂದಾಗ ಅವನು ಅಡುಗೆಮನೆಯಲ್ಲಿ ನಿಂತು ಮೊಣಕಾಲು ಬಗ್ಗಿಸಿ ಕೆಳಗಿಳಿಯುತ್ತಾನೆ. ನೂರು ಕೋಟಿಯ ಮನೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಹೀಗೆ ಕುಗ್ಗಿ ನಿಂತಿರೋದು ನೋಡಿ ನಗಬೇಕೋ ಮರುಗಬೇಕೋ ಗೊತ್ತಾಗಲ್ಲ. ಪಾಸ್ಕಲ್ ಆ ಒಂದು ಚಲನೆಯಲ್ಲೇ ಪಾತ್ರದ ಒಳಗನ್ನ ಪೂರ್ತಿ ತೆರೆದು ತೋರಿಸುತ್ತಾರೆ. ಸಿನಿಮಾ ಮಾತ್ರ ಅಲ್ಲಿಗೇ ಅವನ ಕೈ ಬಿಟ್ಟುಬಿಡುತ್ತದೆ. ನನ್ನ ದೊಡ್ಡ ತಕರಾರು ಇದು. ತನಗೆ ತಾನೇ ಬೆಲೆ ಹೆಚ್ಚಿಸಿಕೊಂಡ ಇವನೂ, ಎಲ್ಲರಿಗೂ ಬೆಲೆ ಕಟ್ಟುವ ಅವಳೂ ನಿಜಕ್ಕೂ ಒಂದೇ ಜಾತಿಯವರು. ಇಬ್ಬರೂ ಅಂಗಡಿಯ ಒಳಗಿನ ಗುಟ್ಟು ಬಲ್ಲವರು. ಆ ಗುಟ್ಟು ಬಯಲಾದ ಮೇಲೆಯೇ ಅವರ ಕಥೆ ಶುರುವಾಗಬೇಕಿತ್ತು, ಇಲ್ಲಿ ಮುಗಿಯುತ್ತದೆ. ಒಟ್ಟಿಗೆ ಐಸ್‌ಲ್ಯಾಂಡಿಗೆ ಹೋಗುವ ಪ್ರವಾಸ ರದ್ದು, ಹ್ಯಾರಿ ಮರ್ಯಾದೆಯಿಂದ ಹಿಂದೆ ಸರಿಯುತ್ತಾನೆ. ಶ್ರೀಮಂತನನ್ನ ಕೆಟ್ಟವನನ್ನಾಗಿ ಮಾಡಲಿಲ್ಲ ಅನ್ನೋದಷ್ಟೇ ಸಮಾಧಾನ. ಬೇರೆಯವರಾಗಿದ್ದರೆ ಅವನಿಗೆ ಇನ್ನೊಬ್ಬಳು ಹುಡುಗಿ ಇದ್ದಳು ಅಂತ ತೋರಿಸಿ ಕೈ ತೊಳೆದುಕೊಳ್ಳುತ್ತಿದ್ದರು.

ನಗು ನಿಲ್ಲೋದು ಸೋಫಿಯಿಂದ. ಸೋಫಿ (ಜೋಯಿ ವಿಂಟರ್ಸ್) ವಕೀಲೆ, ನಲವತ್ತರ ಹತ್ತಿರ, ಒಳ್ಳೇ ಸಂಬಳ, ಒಳ್ಳೇ ಮನಸ್ಸು. ಲೂಸಿಯ ಹಳೇ ಗಿರಾಕಿ. ಎಷ್ಟು ಜನರನ್ನ ಭೇಟಿ ಮಾಡಿಸಿದರೂ ಯಾರೂ ಎರಡನೇ ಸಲ ಸಿಗೋಕೆ ಒಪ್ಪುವುದಿಲ್ಲ. ಬೇಡ ಅಂದವರು ಕೊಡುವ ಕಾರಣಗಳನ್ನ ಲೂಸಿ ಫೋನಿನಲ್ಲಿ ಕೇಳಿಸಿಕೊಂಡು, ಅದನ್ನ ನಯ ಮಾಡಿ ಸೋಫಿಗೆ ದಾಟಿಸಬೇಕು. ನಮ್ಮ ಕಡೆ 'ಜಾತಕ ಕೂಡಲಿಲ್ಲ' ಅಂತ ಹೇಳಿ ಕಳಿಸುತ್ತಾರಲ್ಲ, ಅದೇ ಕೆಲಸ. ಹೀಗೇ ಒಂದು ದಿನ ಲೂಸಿ ಜೋಡಿ ಮಾಡಿ ಕಳಿಸಿದ ಗಂಡಸೊಬ್ಬ ಸೋಫಿಯ ಮೇಲೆ ಕೈ ಮಾಡುತ್ತಾನೆ, ಲೈಂಗಿಕ ದೌರ್ಜನ್ಯ. ಕಾಗದದಲ್ಲಿ ಅವನ ಎಲ್ಲ ಅಂಕಗಳೂ ಸರಿಯಾಗಿದ್ದವು. ಈ ಧಂಧೆಯಲ್ಲಿ ಇಂಥದ್ದು ಆಗುತ್ತದೆ ಅನ್ನುತ್ತಾಳೆ ಬಾಸ್, ಬೇಸರದಿಂದಲೇ, ಆದರೆ ಮೊದಲ ಸಲ ಕೇಳುತ್ತಿರುವವಳ ಹಾಗಲ್ಲ. ಸೋಫಿ ಕಂಪನಿಯ ಮೇಲೆ ಕೇಸು ಹಾಕುತ್ತಾಳೆ. ಲೂಸಿ ಎದುರಿಗೆ ಹೋಗಿ ನಿಂತಾಗ, ನಾನು ನಿನ್ನ ಅಂಗಡಿಯ ಸಾಮಾನಲ್ಲ, ಮನುಷ್ಯಳು ಅಂತ ಉಗಿದು ಕಳಿಸುತ್ತಾಳೆ.

ಈ ಭಾಗ ಬೇಡವಿತ್ತು, ಕಾಮಿಡಿಯ ಮಧ್ಯೆ ಇಷ್ಟು ಭಾರ ಯಾಕೆ ಅಂತ ತುಂಬ ಜನ ಹೇಳುವುದನ್ನ ಕೇಳಿದ್ದೇನೆ. ನಾನು ಒಪ್ಪಲ್ಲ. ಎತ್ತರ, ಸಂಬಳ, ಕೂದಲು ಅಂತ ಎಲ್ಲವನ್ನೂ ಅಳೆದವರು ಗುಣವನ್ನ ಯಾವ ಕಾಲಮ್ಮಿನಲ್ಲಿ ಬರೆದುಕೊಂಡರು ಅನ್ನೋ ಪ್ರಶ್ನೆ ಈ ಸಿನಿಮಾಕ್ಕೆ ಬರಲೇಬೇಕಿತ್ತು. ನಮ್ಮಲ್ಲೂ 'ಹುಡುಗ ಒಳ್ಳೆಯವನು, ಕುಡಿಯಲ್ಲ, ಸೇದಲ್ಲ' ಅನ್ನೋ ಒಂದು ಸಾಲನ್ನ ನಂಬಿ ಹೆಣ್ಣು ಕೊಟ್ಟವರು ಎಷ್ಟಿಲ್ಲ? ನನಗೆ ಬೇಸರ ಆಗಿದ್ದು ಬೇರೆ ಕಾರಣಕ್ಕೆ. ಸೋಫಿಯ ಕಷ್ಟ ಕೊನೆಗೆ ಲೂಸಿಯ ಪಾಠ ಆಗಿಬಿಡುತ್ತದೆ. ಆ ಗಂಡಸು ಸೋಫಿಯ ಮನೆ ಹತ್ತಿರ ಬಂದು ನಿಂತಾಗ ಅವಳು ಭಯದಿಂದ ಫೋನ್ ಮಾಡುತ್ತಾಳೆ, ಲೂಸಿ ಓಡಿ ಬರುತ್ತಾಳೆ, ರಾತ್ರಿಯೆಲ್ಲ ಜೊತೆಗಿರುತ್ತಾಳೆ, ಕಾರಿನಲ್ಲಿ ಕರೆತಂದ ಜಾನ್ ಹೊರಗೆ ಕಾಯುತ್ತಾನೆ. ಇಲ್ಲಿಯವರೆಗೆ ಸರಿ. ಆದರೆ ಆ ರಾತ್ರಿಯ ಫಲ ಸಿಗೋದು ಜಾನ್ ಲೂಸಿಯರ ಪ್ರೇಮಕ್ಕೆ. ಸೋಫಿಗೆ ಕೊನೆಯಲ್ಲಿ ಇನ್ನೊಂದು ಭೇಟಿ ಗೊತ್ತು ಮಾಡಿಕೊಟ್ಟು ಕಳಿಸುತ್ತಾರೆ. ಆಕೆಯ ಕೇಸು ಏನಾಯಿತು, ಕಂಪನಿ ಏನು ಬದಲಾಯಿತು ಅಂತ ಕೇಳೋ ಪುರುಸೊತ್ತು ಸಿನಿಮಾಕ್ಕಿಲ್ಲ. ವಿಂಟರ್ಸ್ ಅವರ ಅಭಿನಯ ಇಡೀ ಸಿನಿಮಾದಲ್ಲೇ ಅತ್ಯುತ್ತಮ, ಅದಕ್ಕೇ ಇದು ಜಾಸ್ತಿ ಚುಚ್ಚುತ್ತದೆ.

ಇನ್ನು ಜಾನ್. ಮೂವತ್ತೇಳರ ವಯಸ್ಸು, ಇನ್ನೂ ರೂಮ್‌ಮೇಟುಗಳ ಜೊತೆ ಗಲೀಜು ಮನೆಯಲ್ಲಿ ವಾಸ, ಹಳೇ ಕಾರು, ಸಣ್ಣ ಸಣ್ಣ ನಾಟಕ, ಉಳಿದ ಹೊತ್ತು ಕೇಟರಿಂಗ್. ಒಳ್ಳೆಯವನು. ಕರೆದರೆ ಬರುತ್ತಾನೆ, ಕಾಯುತ್ತಾನೆ, ಇಷ್ಟ ಕಷ್ಟ ನೆನಪಿಟ್ಟುಕೊಂಡಿದ್ದಾನೆ. ಆದರೆ ಅವನ ಬಗ್ಗೆ ಇಷ್ಟೇ ಗೊತ್ತಾಗೋದು. ಅವನಿಗೆ ಕೋಪ ಬರುತ್ತದಾ, ಅಸೂಯೆ ಇದೆಯಾ, ಇನ್ನೂ ನಟನೆ ಬಿಡದಿರೋಕೆ ಕಾರಣ ಏನು? ಸಿನಿಮಾ ಒಳಗೆ ಹೋಗೋದಿಲ್ಲ. ಜೊತೆಗೆ, ಬಡವನ ಪಾತ್ರಕ್ಕೆ ಕ್ರಿಸ್ ಇವಾನ್ಸ್! ಆ ಮುಖ, ಆ ಮೈಕಟ್ಟು ಇದ್ದವನು ಯಾವ ಮಾರುಕಟ್ಟೆಯಲ್ಲೂ ಅಂಕ ಕಳೆದುಕೊಳ್ಳೋದಿಲ್ಲ ಸ್ವಾಮಿ. ದುಡ್ಡಿನ ಕಾಲಮ್ಮು ಖಾಲಿ, ಉಳಿದ ಎಲ್ಲ ಕಾಲಮ್ಮಿನಲ್ಲೂ ಔಟ್ ಆಫ್ ಔಟ್. ಪ್ರೀತಿಗೆ ಲೆಕ್ಕ ಬೇಡ ಅಂತ ಹೇಳೋದು ಇಂಥವನ ಪಕ್ಕ ನಿಂತರೆ ಸುಲಭ. ತಲೆ ಬೋಳಾದ, ಐದು ಅಡಿ ಮೂರು ಇಂಚಿನ ಜಾನ್ ಇದ್ದಿದ್ದರೆ ಆಗ ಸಿನಿಮಾದ ಮಾತಿಗೆ ತೂಕ ಬರುತ್ತಿತ್ತು.

ಸಿನಿಮಾ ಬಂದಾಗ ಇಂಟರ್ನೆಟ್ಟಿನಲ್ಲಿ ಇದಕ್ಕೆ ವಿರುದ್ಧದ ಗಲಾಟೆಯೂ ಆಯಿತು. ದುಡ್ಡಿಲ್ಲದ ಗಂಡಸರ ಪರ ಪ್ರಚಾರ ಇದು ಅಂತ ಲೇವಡಿ ಮಾಡಿದರು, ಶ್ರೀಮಂತನನ್ನ ಬಿಟ್ಟು ಬರಿಗೈಯವನನ್ನ ಆರಿಸಿಕೊಳ್ಳೋದು ಯಾವ ಬುದ್ಧಿವಂತಿಕೆ ಅಂತ. ಬಡವರನ್ನ ಹೀಗೆ ಹೀಯಾಳಿಸೋದು ಸೆಲಿನ್ ಸಾಂಗ್‌ಗೆ ಹಿಡಿಸಲಿಲ್ಲ, ಹಾಗಂತ ಹೇಳಿಯೂ ಹೇಳಿದರು. ಈ ಜಗಳ ಓದುವಾಗ ನನಗೆ ನೆನಪಾಗಿದ್ದು ಮಂಡ್ಯ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ರೈತ ಯುವಕರು ಪಾದಯಾತ್ರೆ ಹೋದರು. ಬೇಸಾಯ ಮಾಡುವವನಿಗೆ ಹೆಣ್ಣು ಕೊಡುವವರಿಲ್ಲ, ಮಾದಪ್ಪ ನೀನೇ ದಾರಿ ತೋರಿಸು ಅಂತ. ದೇಶದ ತುಂಬ ಸುದ್ದಿಯಾಯಿತು, ಒಂದಷ್ಟು ಜನ ನಕ್ಕರು. ಆ ಹುಡುಗರಿಗೆ ಗದ್ದೆ ಇತ್ತು, ಮನೆ ಇತ್ತು. ಇಲ್ಲದಿದ್ದಿದ್ದು ಮಾರುಕಟ್ಟೆ ಕೇಳುವ ಒಂದು ಕೆಲಸ, ಬೆಂಗಳೂರಿನಲ್ಲಿ ಒಂದು ವಿಳಾಸ. ಹಾಗಂತ ಹೆಣ್ಣುಮಕ್ಕಳ ಲೆಕ್ಕವೂ ತಪ್ಪಲ್ಲ. ಅಮ್ಮ ಬೆಳಗ್ಗೆಯಿಂದ ರಾತ್ರಿಯವರೆಗೆ ಕೊಟ್ಟಿಗೆ, ಒಲೆ ಅಂತ ಸವೆದಿದ್ದನ್ನ ನೋಡಿ ಬೆಳೆದವಳು ಬೇಡ ಅಂದರೆ ಅವಳನ್ನ ದುರಾಸೆಯವಳು ಅನ್ನೋಕೆ ಆಗುತ್ತದಾ? ಲೂಸಿಯೂ ಬಡತನದ ಜಗಳ ನೋಡಿಯೇ ಬಂದವಳು. ಅವಳ ಲೆಕ್ಕದ ಹಿಂದಿನ ಈ ಹೆದರಿಕೆಯನ್ನ ಸಿನಿಮಾ ಅರ್ಧದವರೆಗೆ ಗೌರವದಿಂದ ನೋಡುತ್ತದೆ. ಕೊನೆಗೆ ಬರುವಾಗ ಅದನ್ನ ಒಂದು ಕಾಯಿಲೆ ಥರ ವಾಸಿ ಮಾಡಿ ಕಳಿಸುತ್ತದೆ. ಪಾರ್ಕಿಂಗ್ ದುಡ್ಡಿಗೆ ಮುರಿದುಬಿದ್ದ ಸಂಬಂಧ ಈಗ ಯಾಕೆ ಮುರಿಯಲ್ಲ? ಜಾನ್‌ಗೆ ಲಾಟರಿ ಹೊಡೆದಿಲ್ಲ, ಇವಳ ಸ್ವಭಾವ ಬದಲಾಗಿಲ್ಲ. ಮೂರು ತಿಂಗಳ ನಂತರದ ಮನೆ ಬಾಡಿಗೆಯ ದಿನವನ್ನ ತೋರಿಸಿದ್ದರೆ ನಂಬುತ್ತಿದ್ದೆ.

ಒಂದು ಮಾತು ಒಪ್ಪಬೇಕು. ಜಾನ್ ಮದುವೆಗೆ ಕೇಳುವ ರೀತಿ ಚೆನ್ನಾಗಿದೆ. ದುಡ್ಡಿನ ದೃಷ್ಟಿಯಿಂದ ಒಂದು ತೀರಾ ಕೆಟ್ಟ ನಿರ್ಧಾರ ಮಾಡೋಕೆ ತಯಾರಿದ್ದೀಯಾ ಅಂತ ಕೇಳುತ್ತಾನೆ, ಕೈಯಲ್ಲಿ ಹೂವಿನ ಉಂಗುರ ಹಿಡಿದು. ಅಲ್ಲಿ ಮತ್ತೆ ಲೆಕ್ಕದ ಭಾಷೆ ಬಂತು ನೋಡಿ, ತಕ್ಷಣ ಸಿನಿಮಾಕ್ಕೆ ಜೀವ ಬಂತು.

ಆ ಹೂವಿನ ಉಂಗುರಕ್ಕೆ ಹಿನ್ನೆಲೆಯಾಗಿ ಆದಿಮಾನವರ ಒಂದು ದೃಶ್ಯ ಇದೆ, ಸಿನಿಮಾ ಶುರುವಾಗೋದೇ ಅದರಿಂದ. ಗುಹೆಯ ಗಂಡು ಗುಹೆಯ ಹೆಣ್ಣಿಗೆ ಸಾಮಾನು, ಹೂ ಎಲ್ಲ ತಂದು ಕೊಡುತ್ತಾನೆ, ಅವಳ ಬೆರಳಿಗೆ ಹೂವನ್ನ ಸುತ್ತುತ್ತಾನೆ. ನನಗೆ ಇದು ಅತಿ ಅನ್ನಿಸಿತು. ಥಿಯೇಟರಿನಲ್ಲಿ ಬೇರೆ ಸಿನಿಮಾಕ್ಕೆ ಬಂದು ಕೂತೆನಾ ಅಂತ ಗಾಬರಿಯಾಗುವಷ್ಟು.

ಡಕೋಟಾ ಜಾನ್ಸನ್ ಬಗ್ಗೆ ಎರಡು ಪಂಗಡ ಇದೆ. ಅವರ ದನಿಯಲ್ಲಿ ಏರಿಳಿತ ಕಮ್ಮಿ, ಮುಖದಲ್ಲಿ ಭಾವ ಕಮ್ಮಿ ಅನ್ನೋದು ಹಳೇ ದೂರು. ಈ ಪಾತ್ರಕ್ಕೆ ಅದೇ ಸರಿ ಹೊಂದಿದೆ. ಗಿರಾಕಿ ಎದುರು ತನ್ನ ಅಭಿಪ್ರಾಯ ತೋರಿಸದೆ ಬದುಕಿದವಳು ಮನೆಗೆ ಬಂದ ಮೇಲೂ ಹಾಗೇ ಇರುತ್ತಾಳೆ. ಸೋಫಿಯ ಸುದ್ದಿ ಕೇಳಿದಾಗ ಆ ನಯವಾದ ಮುಖ ಒಡೆಯುವ ರೀತಿ ನೋಡಿ, ಅಲ್ಲಿ ಗೊತ್ತಾಗುತ್ತದೆ ಇಷ್ಟು ಹೊತ್ತು ಸುಮ್ನೆ ಇರಲಿಲ್ಲ ಅಂತ. ಕ್ರಿಸ್ ಇವಾನ್ಸ್ ಸೂಪರ್‌ಹೀರೋ ವೇಷ ಕಳಚಿ ಸುಸ್ತಾದ ಮನುಷ್ಯನಾಗಿ ಚೆನ್ನಾಗಿಯೇ ಇದ್ದಾರೆ, ಬರವಣಿಗೆ ಕೈ ಕೊಟ್ಟಿದೆ ಅಷ್ಟೇ. ಶಾಬಿಯರ್ ಕರ್ಶ್ನರ್ ಅವರ ಕ್ಯಾಮೆರಾ ಕೆಲಸ ಬಹಳ ಚೆಂದ. ಫಿಲ್ಮಿನಲ್ಲಿ ಚಿತ್ರೀಕರಿಸಿದ್ದಾರೆ, ಹ್ಯಾರಿಯ ಮನೆಯ ಬೆಳಕಿಗೂ ಜಾನ್‌ನ ಮನೆಯ ಬೆಳಕಿಗೂ ಇರುವ ಅಂತರವೇ ಒಂದು ಕಥೆ ಹೇಳುತ್ತದೆ.

ಮಧ್ಯದಲ್ಲಿ ಸ್ವಲ್ಪ ಎಳೆತ ಇದೆ. ಎರಡು ಗಂಟೆಗಿಂತ ಚೂರು ಕಮ್ಮಿ ಅವಧಿ, ಆದರೂ ಐಸ್‌ಲ್ಯಾಂಡ್ ರದ್ದಾದ ಮೇಲೆ ಜಾನ್ ಜೊತೆ ಊರಾಚೆ ಹೋಗಿ ಯಾರದ್ದೋ ಮದುವೆಗೆ ಕರೆಯದೆ ನುಗ್ಗುವ ಭಾಗ ಬೇಕಿದ್ದಕ್ಕಿಂತ ಉದ್ದ. ಕರೆಯದ ಮದುವೆಯಲ್ಲಿ ಉಂಡು ಬರೋದನ್ನ ನಮ್ಮ ಹಾಸ್ಟೆಲ್ ಹುಡುಗರು ಇದಕ್ಕಿಂತ ತಮಾಷೆಯಾಗಿ ಮಾಡುತ್ತಾರೆ.

ಯಾರು ನೋಡಬೇಕು? ಮನೆಯಲ್ಲಿ ಈಗಷ್ಟೇ ಗಂಡು ಹುಡುಕೋದೋ ಹೆಣ್ಣು ಹುಡುಕೋದೋ ಶುರುವಾಗಿದ್ದರೆ, ಆ ಮದುವೆ ಯಾರದ್ದೋ ಅವರು ಒಬ್ಬರೇ ಕೂತು ನೋಡಲಿ. ಅಪ್ಪ ಅಮ್ಮನ ಜೊತೆ ಬೇಡ, ಹಾಸಿಗೆ ದೃಶ್ಯಕ್ಕಿಂತ ಸಂಬಳದ ಮಾತುಗಳೇ ಜಾಸ್ತಿ ಮುಜುಗರ ತರುತ್ತವೆ. 'ಪಾಸ್ಟ್ ಲೈವ್ಸ್' ನೋಡಿ ಅತ್ತವರು ಅದೇ ಅಳುವಿಗೆ ಕಾಯಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ನೋಡೋದು ಕಷ್ಟ ಅನ್ನುವವರಿಗೆ ಮೊದಲೇ ತಿಳಿದಿರಲಿ, ಕೃತ್ಯವನ್ನ ತೋರಿಸಿಲ್ಲ, ಆದರೆ ಅದರ ನೆರಳು ಸಿನಿಮಾದ ಎರಡನೇ ಅರ್ಧ ಪೂರ್ತಿ ಇದೆ. ಹೆಸರುಗಳು ಬರೋಕೆ ಶುರುವಾದ ತಕ್ಷಣ ಆಫ್ ಮಾಡಬೇಡಿ, ನ್ಯೂಯಾರ್ಕ್‌ನ ಮದುವೆ ನೋಂದಣಿ ಕಚೇರಿಯಲ್ಲಿ ಜೋಡಿಗಳು ಬಂದು ಹೋಗೋದನ್ನ ಒಂದೇ ಕಡೆ ನಿಂತ ಕ್ಯಾಮೆರಾದಲ್ಲಿ ತೋರಿಸುತ್ತಾರೆ, ಎತ್ತರ ಗಿಡ್ಡ ದಪ್ಪ ಸಣ್ಣ ಎಲ್ಲ ಥರದವರೂ ಇದ್ದಾರೆ.

ಅಂಕ ಕೊಡೋದಾದರೆ ಮೊದಲ ಗಂಟೆಗೆ ಐದಕ್ಕೆ ನಾಲ್ಕೂವರೆ, ಉಳಿದದ್ದಕ್ಕೆ ಎರಡೂವರೆ. ಸರಾಸರಿ ನೀವೇ ಹಾಕಿಕೊಳ್ಳಿ.